ರಕ್ತದ ಸಾಕ್ಷಿ, ಸೊಂಟದ ಅಳತೆ

ರಕ್ತ ಪರೀಕ್ಷೆಗೆ ಈಗ ಮಣಿಪಾಲದವರೆಗೆ ಹೋಗಬೇಕಾಗಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಪೇಟೆಗಳಲ್ಲೇ ಲ್ಯಾಬುಗಳಿವೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದರೆ ಸಂಜೆಯೊಳಗೆ ವರದಿ ಮೊಬೈಲಿಗೆ ಬರುತ್ತದೆ. ಸಕ್ಕರೆ, ಥೈರಾಯ್ಡ್, ಕೊಲೆಸ್ಟರಾಲ್ ಸೇರಿಸಿ ಕಟ್ಟಿದ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳಲ್ಲಿ ಕ್ಯಾನ್ಸರ್ ಮಾರ್ಕರ್ ಎಂಬ ಸಾಲೂ ಕೆಲವೊಮ್ಮೆ ಇಣುಕುತ್ತದೆ. ಹೀಗಿರುವಾಗ ಐವತ್ತು ದಾಟಿದ ಹೆಣ್ಣುಮಗಳೊಬ್ಬಳು ನನಗೆ ಮುಂದೆ ಸ್ತನ ಕ್ಯಾನ್ಸರ್ ಬರುತ್ತದೆಯೇ, ರಕ್ತ ನೋಡಿ ಹೇಳಿ ಎಂದು ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ರಕ್ತ ಈ ರೋಗದ ಬಗ್ಗೆ ನಿಜಕ್ಕೂ ಬಹಳಷ್ಟನ್ನು ಹೇಳಿದೆ. ಆದರೆ ಅದು ಹೇಳಿದ್ದು ರೋಗ ಯಾಕೆ ಬರುತ್ತದೆ ಎಂಬುದನ್ನು; ಯಾರಿಗೆ ಬರುತ್ತದೆ ಎಂಬುದನ್ನು ಅದು ಬಹುಮಟ್ಟಿಗೆ ಹೇಳಲಾರದು. ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ ಹಣವೂ ಹಾಳು, ನೆಮ್ಮದಿಯೂ ಹಾಳು.

ಮೊದಲು ಪ್ಯಾಕೇಜಿನ ಮಾರ್ಕರನ್ನು ಬದಿಗಿಡೋಣ. ಸಿಎ 15-3 ಎಂಬುದು ಸ್ತನದ ಜೀವಕೋಶಗಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನು. ರೋಗ ಮೈಯೆಲ್ಲ ಹರಡಿದವರಲ್ಲಿ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಅದು ವೈದ್ಯರಿಗೆ ಉಪಯುಕ್ತ. ಗಂಟು ಇನ್ನೂ ಚಿಕ್ಕದಾಗಿದ್ದು ಪೂರ್ತಿ ಗುಣವಾಗಬಹುದಾದ ಹಂತದಲ್ಲಿ ಮಾತ್ರ ಹತ್ತರಲ್ಲಿ ಸುಮಾರು ಒಬ್ಬರಲ್ಲಿ ಅದು ಏರಿರುತ್ತದೆ, ಅಷ್ಟೆ. ಕ್ಯಾನ್ಸರೇ ಇಲ್ಲದ ಲಿವರ್ ಕಾಯಿಲೆಯಲ್ಲೂ ಏರಬಲ್ಲದು. ವರದಿ ‘ನಾರ್ಮಲ್’ ಎಂದು ನಂಬಿ ಕೈಗೆ ತಗಲುವ ಗಂಟನ್ನು ತೋರಿಸದೆ ಕೂರುವುದು ಈ ಪರೀಕ್ಷೆಯಿಂದ ಆಗಬಹುದಾದ ದೊಡ್ಡ ಹಾನಿ. ಇನ್ನೊಂದು ಬಗೆಯದು ಜೀನ್ ಪರೀಕ್ಷೆ. ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಜೀನಿನಲ್ಲಿ ದೋಷವಿದ್ದರೆ 80 ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಶೇ. 70ರ ಆಸುಪಾಸು. ತಾಯಿ, ಅಕ್ಕ, ಚಿಕ್ಕಮ್ಮ ಎಂದು ಒಂದೇ ಕುಟುಂಬದಲ್ಲಿ ಹಲವರಿಗೆ, ಅದೂ ಚಿಕ್ಕ ವಯಸ್ಸಿನಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಆ ಪರೀಕ್ಷೆ ಮಾಡಿಸಲೇಬೇಕು. ಆದರೆ ಒಟ್ಟು ರೋಗಿಗಳಲ್ಲಿ ಇಂಥ ಆನುವಂಶಿಕ ದೋಷವಿರುವವರು ನೂರಕ್ಕೆ ಐದರಿಂದ ಹತ್ತು ಮಂದಿ. ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿಯ ಕಥೆ ಬೇರೆಯೇ. ಆ ಕಥೆಯನ್ನು ಹೇಳುವುದು ಮೂರನೆಯ ಬಗೆಯ ಸೂಚಕಗಳು: ಹಾರ್ಮೋನುಗಳು, ಇನ್ಸುಲಿನ್, ಅವುಗಳನ್ನು ಹಿಡಿದಿಡುವ ಪ್ರೋಟೀನುಗಳು. ಇವು ಗೆಡ್ಡೆಯಿಂದ ಬಂದವಲ್ಲ. ಗೆಡ್ಡೆ ಹುಟ್ಟುವ ಎಷ್ಟೋ ವರ್ಷ ಮೊದಲೇ ಮೈಯಲ್ಲಿ ಎಂಥ ವಾತಾವರಣವಿತ್ತು ಎಂಬುದರ ಗುರುತುಗಳು.

ಸ್ತನ ಕ್ಯಾನ್ಸರಿಗೂ ಅಂಡಾಶಯಕ್ಕೂ ನಂಟಿದೆ ಎಂದು ತಿಳಿದಾಗ ಹಾರ್ಮೋನ್ ಎಂಬ ಕಲ್ಪನೆ ಇನ್ನೂ ಸ್ಪಷ್ಟವಾಗಿರಲಿಲ್ಲ. ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲಿ, ಅಂಡಾಶಯ ತೆಗೆದಾಗ ಮುಂದುವರಿದ ಸ್ತನದ ಗೆಡ್ಡೆಯೊಂದು ಕುಗ್ಗಿದ್ದನ್ನು ವರದಿ ಮಾಡಿದರು. 1926ರಲ್ಲಿ ಇಂಗ್ಲೆಂಡಿನ ವೈದ್ಯೆ ಜಾನೆಟ್ ಲೇನ್-ಕ್ಲೇಪನ್ ರೋಗವಿದ್ದ ಸುಮಾರು 500 ಮತ್ತು ಇಲ್ಲದ ಸುಮಾರು 500 ಮಹಿಳೆಯರನ್ನು ಹೋಲಿಸಿದರು. ಮಕ್ಕಳು ಎಷ್ಟು, ಮೊದಲ ಹೆರಿಗೆ ಯಾವಾಗ, ಎದೆಹಾಲು ಎಷ್ಟು ಕಾಲ ಎಂಬ, ನಮ್ಮ ಕಡೆಯ ಸೂಲಗಿತ್ತಿಯರೂ ಕೇಳಬಹುದಾಗಿದ್ದ ಪ್ರಶ್ನೆಗಳಲ್ಲೇ ರೋಗದ ಸುಳಿವಿದೆ ಎಂದು ತೋರಿಸಿದರು. ಆದರೆ ರೋಗ ಬಂದ ಮೇಲೆ ರಕ್ತ ತೆಗೆದು ನೋಡಿದರೆ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸಲಾಗದು. ಅದಕ್ಕೆ ಒಂದೇ ದಾರಿ. ಆರೋಗ್ಯವಂತ ಮಹಿಳೆಯರ ರಕ್ತವನ್ನು ಹೆಪ್ಪುಗಟ್ಟಿಸಿ ಇಟ್ಟು, ವರ್ಷಗಟ್ಟಲೆ ಕಾದು, ರೋಗ ಬಂದವರ ಹಳೆಯ ರಕ್ತವನ್ನೂ ಬಾರದವರ ಹಳೆಯ ರಕ್ತವನ್ನೂ ಒಟ್ಟಿಗೆ ತೆರೆದು ನೋಡಬೇಕು. ಹಾಗೆ ಮಾಡಿದ ಒಂಬತ್ತು ಅಧ್ಯಯನಗಳನ್ನು 2002ರಲ್ಲಿ ಒಟ್ಟುಗೂಡಿಸಲಾಯಿತು. ಮುಟ್ಟು ನಿಂತ ಮಹಿಳೆಯರಲ್ಲಿ ರೋಗ ಬಂದ 663 ಮಂದಿ, ಬಾರದ 1765 ಮಂದಿ. ಈಸ್ಟ್ರಡಯಾಲ್ ಎಂಬ ಹೆಣ್ಣು ಹಾರ್ಮೋನು ಅತಿ ಹೆಚ್ಚಿದ್ದ ಐದನೇ ಒಂದು ಭಾಗದವರಿಗೆ, ಅತಿ ಕಡಿಮೆ ಇದ್ದ ಐದನೇ ಒಂದು ಭಾಗದವರಿಗಿಂತ ಅಪಾಯ ಎರಡು ಪಟ್ಟು. ಯಾವ ಪ್ರೋಟೀನಿಗೂ ಅಂಟದೆ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಈಸ್ಟ್ರಡಯಾಲನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಎರಡೂವರೆ ಪಟ್ಟು. ಹಾರ್ಮೋನನ್ನು ಕಟ್ಟಿಹಾಕುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ಹೆಚ್ಚಿದ್ದವರಿಗೆ ಅಪಾಯ ಮೂರನೇ ಒಂದರಷ್ಟು ಕಡಿಮೆ.

ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೊಜನ್ (ಈಸ್ಟ್ರಡಯಾಲ್ ಸೇರಿದ ಹಾರ್ಮೋನ್ ಗುಂಪು) ತಯಾರಿಯನ್ನು ಬಹುತೇಕ ನಿಲ್ಲಿಸುತ್ತದಲ್ಲ, ಮತ್ತೆ ಈ ಹೆಚ್ಚು ಕಡಿಮೆ ಎಲ್ಲಿಂದ ಬಂತು? ಉತ್ತರ ಕೊಬ್ಬಿನಲ್ಲಿದೆ. ಅಡ್ರಿನಲ್ ಗ್ರಂಥಿ ಮತ್ತು ಅಂಡಾಶಯಗಳಿಂದ ಬರುವ ಗಂಡು ಬಗೆಯ ಹಾರ್ಮೋನುಗಳನ್ನು ಕೊಬ್ಬಿನ ಅಂಗಾಂಶದಲ್ಲಿರುವ ಆರೊಮಟೇಸ್ ಎಂಬ ಕಿಣ್ವ ಈಸ್ಟ್ರೊಜನ್ ಆಗಿ ಬದಲಿಸುತ್ತದೆ. ಮೈಯಲ್ಲಿ ಕೊಬ್ಬು ಹೆಚ್ಚಿದ್ದಷ್ಟೂ ಈ ಬದಲಾವಣೆ ಹೆಚ್ಚು. ಸ್ತನದೊಳಗಿನ ಕೊಬ್ಬಿನಲ್ಲೂ ಇದು ನಡೆಯುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ಹೊಟ್ಟೆಯ ಬೊಜ್ಜು ಇನ್ನೊಂದು ದಾರಿಯನ್ನೂ ಹಿಡಿಯುತ್ತದೆ. ಅದು ಇನ್ಸುಲಿನನ್ನು ಏರಿಸುತ್ತದೆ. ಇನ್ಸುಲಿನ್ ಏರಿದರೆ ಲಿವರ್ ಎಸ್‌ಎಚ್‌ಬಿಜಿಯನ್ನು ಕಡಿಮೆ ತಯಾರಿಸುತ್ತದೆ. ಆಗ ಬಿಡಿ ಈಸ್ಟ್ರಡಯಾಲ್ ಮತ್ತಷ್ಟು ಹೆಚ್ಚುತ್ತದೆ. 2003ರ ಲೆಕ್ಕಾಚಾರವೊಂದು ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಅತ್ಯಂತ ಚೊಕ್ಕ ಸಾಕ್ಷ್ಯ. ಮುಟ್ಟು ನಿಂತವರಲ್ಲಿ ದೇಹತೂಕ ಸೂಚ್ಯಂಕ ಐದು ಅಂಶ ಏರಿದರೆ ರೋಗದ ಅಪಾಯ ಶೇ. 19 ಏರುತ್ತಿತ್ತು. ಬಿಡಿ ಈಸ್ಟ್ರಡಯಾಲ್ ಎಲ್ಲರಲ್ಲೂ ಸಮ ಎಂದು ಗಣಿತದಲ್ಲಿ ಸರಿದೂಗಿಸಿದೊಡನೆ ಆ ಶೇ. 19 ಕುಸಿದು ಶೇ. 2ಕ್ಕೆ ಬಂತು. ಅಂದರೆ ತೂಕದಿಂದ ಬರುವ ಅಪಾಯ ಬಹುಪಾಲು ಈ ಹಾರ್ಮೋನಿನ ಮೂಲಕವೇ ಬರುತ್ತಿತ್ತು. ಇನ್ಸುಲಿನಿನದೂ ಸಣ್ಣ ಪಾತ್ರವಲ್ಲ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ 2009ರ ವರದಿಯಲ್ಲಿ, ಹಾರ್ಮೋನ್ ಮಾತ್ರೆ ತೆಗೆದುಕೊಳ್ಳದ ಮಹಿಳೆಯರ ಪೈಕಿ ಇನ್ಸುಲಿನ್ ಅತಿ ಹೆಚ್ಚಿದ್ದವರಿಗೆ ಅತಿ ಕಡಿಮೆ ಇದ್ದವರ 2.4 ಪಟ್ಟು ಅಪಾಯ ಕಂಡಿತು.

ಜತೆಯಲ್ಲಿ ಕಂಡದ್ದೆಲ್ಲ ಕಾರಣವಲ್ಲ ಎಂಬ ಆಕ್ಷೇಪ ಇಲ್ಲಿ ಬರಲೇಬೇಕು. ಬೀಟಾ-ಕ್ಯಾರೊಟಿನ್ ಇದಕ್ಕೆ ಕಟುವಾದ ಪಾಠ. ಸೊಪ್ಪು ತರಕಾರಿ ಹೆಚ್ಚು ತಿನ್ನುವವರ ರಕ್ತದಲ್ಲಿ ಅದು ಹೆಚ್ಚು, ಹಲವು ಕ್ಯಾನ್ಸರುಗಳು ಕಡಿಮೆ. ಸರಿ, ಮಾತ್ರೆ ಮಾಡಿ ಕೊಟ್ಟರಾಯಿತು ಎಂದು ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಸಿಗರೇಟು ಸೇದುವ ಗಂಡಸರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಹೆಚ್ಚಿತ್ತು. ಹರಿವೆ, ಬಸಳೆ ತಿನ್ನುವವರ ಬದುಕಿನ ಗುರುತಾಗಿದ್ದ ವಸ್ತುವನ್ನು ಔಷಧಿ ಎಂದು ತಿಳಿದದ್ದರ ಫಲ ಅದು. ಈಸ್ಟ್ರೊಜನ್ ಈ ಪರೀಕ್ಷೆಯಲ್ಲಿ ಗೆದ್ದಿದೆ. ಅದನ್ನು ತಯಾರಿಸುವ ಆರೊಮಟೇಸ್ ಕಿಣ್ವವನ್ನೇ ತಡೆಯುವ ಅನಾಸ್ಟ್ರೋಜೋಲ್ ಮಾತ್ರೆಯನ್ನು ಹೆಚ್ಚು ಅಪಾಯವಿದ್ದ, ಮುಟ್ಟು ನಿಂತ ಮಹಿಳೆಯರಿಗೆ ಕೊಟ್ಟ ಐಬಿಐಎಸ್-2 ಪ್ರಯೋಗದಲ್ಲಿ (2014) ಸ್ತನ ಕ್ಯಾನ್ಸರ್ ಅರ್ಧಕ್ಕಿಂತ ಕೆಳಗಿಳಿಯಿತು. ಔಷಧಿ ಇಲ್ಲದೆಯೂ ಮಟ್ಟ ಇಳಿಯುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ತೂಕ ಹೆಚ್ಚಿದ್ದ 439 ಮಹಿಳೆಯರನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ ಒಂದು ವರ್ಷ ಗಮನಿಸಲಾಯಿತು. ಊಟ ಹಿಡಿತಕ್ಕೆ ತಂದು ವ್ಯಾಯಾಮವನ್ನೂ ಮಾಡಿ ತೂಕದ ಹತ್ತನೇ ಒಂದರಷ್ಟನ್ನು ಇಳಿಸಿಕೊಂಡವರಲ್ಲಿ ಬಿಡಿ ಈಸ್ಟ್ರಡಯಾಲ್ ಸುಮಾರು ಶೇ. 26 ಇಳಿಯಿತು, ಎಸ್‌ಎಚ್‌ಬಿಜಿ ಅಷ್ಟೇ ಪ್ರಮಾಣದಲ್ಲಿ ಏರಿತು. ತೂಕ ಇಳಿಯದೆ ಬರೀ ವ್ಯಾಯಾಮ ಮಾಡಿದವರಲ್ಲಿ ಬದಲಾವಣೆ ಅಷ್ಟಕ್ಕಷ್ಟೆ.

ಎಲ್ಲವೂ ಇಷ್ಟು ಸಲೀಸಾಗಿ ಕೂಡಿಕೊಳ್ಳುತ್ತದೆ ಎಂದೂ ಅಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಜತೆ ಪ್ರೊಜೆಸ್ಟಿನ್ ಸೇರಿಸಿ ಕೊಡುತ್ತಿದ್ದ ಮಾತ್ರೆಯಿಂದ ಸ್ತನ ಕ್ಯಾನ್ಸರ್ ಹೆಚ್ಚುತ್ತದೆಂದು 2002ರಲ್ಲಿ ಪ್ರಯೋಗವೊಂದನ್ನು ನಡುವೆಯೇ ನಿಲ್ಲಿಸಲಾಯಿತು; ಮಾತ್ರೆ ಬಿಟ್ಟವರ ಸಂಖ್ಯೆ ಏರಿದ ಮರುವರ್ಷ ಅಮೆರಿಕದಲ್ಲಿ ರೋಗದ ಪ್ರಮಾಣ ಸುಮಾರು ಶೇ. 7 ಇಳಿಯಿತು. ಆದರೆ ಗರ್ಭಕೋಶ ತೆಗೆಸಿಕೊಂಡು, ಬರೀ ಈಸ್ಟ್ರೊಜನ್ ಮಾತ್ರೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚುವ ಬದಲು ಕಡಿಮೆಯಾಯಿತು. ವರ್ಷಗಟ್ಟಲೆ ಹಾರ್ಮೋನಿಲ್ಲದೆ ಇದ್ದ ಜೀವಕೋಶಗಳು ಅದು ಥಟ್ಟನೆ ಬಂದಾಗ ಸಾಯುತ್ತವೆ ಎಂಬ ವಿವರಣೆಯೊಂದಿದೆ. ವಾದ ಇನ್ನೂ ಮುಗಿದಿಲ್ಲ. ಹೊರಗಿನಿಂದ ನುಂಗಿದ್ದು ಬೇರೆ, ಮೈಯೇ ದಶಕಗಟ್ಟಲೆ ತಯಾರಿಸಿದ್ದು ಬೇರೆ ಎಂದಷ್ಟೇ ಸದ್ಯ ಹೇಳಬಹುದು.

ಇಷ್ಟೆಲ್ಲ ಗೊತ್ತಿದ್ದ ಮೇಲೆ ಪ್ರತಿ ಹೆಂಗಸಿನ ಈಸ್ಟ್ರಡಯಾಲನ್ನೂ ಅಳೆದು ಬಿಡೋಣವೇ? ಎರಡು ಪಟ್ಟು ಅಪಾಯ ಎಂಬ ಮಾತು ಕಿವಿಗೆ ದೊಡ್ಡದಾಗಿ ಕೇಳಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಮುಟ್ಟು ನಿಂತ 1000 ಮಹಿಳೆಯರಲ್ಲಿ ಮುಂದೆ 20 ಮಂದಿಗೆ ರೋಗ ಬರುವುದಿದೆ ಎಂದಿಟ್ಟುಕೊಳ್ಳಿ. ಹಾರ್ಮೋನ್ ಮಟ್ಟದ ಪ್ರಕಾರ ಅವರನ್ನು ತಲಾ 200ರ ಐದು ಗುಂಪು ಮಾಡಿ, ಮೇಲಿನ ಗುಂಪಿಗೆ ಕೆಳಗಿನ ಗುಂಪಿನ ಎರಡು ಪಟ್ಟು ಅಪಾಯ ಹಂಚಿದರೆ, ಮೇಲಿನ 200ರಲ್ಲಿ ರೋಗ ಬರುವವರು ಐದೋ ಆರೋ ಮಂದಿ. ಉಳಿದ 194-195 ಮಂದಿ ಸುಮ್ಮನೆ ಹೆದರಿದರು. ಇತ್ತ ನಿಮ್ಮದು ಹೆಚ್ಚಿಲ್ಲ ಎಂದು ಕಳುಹಿಸಿಕೊಟ್ಟ 800ರಲ್ಲಿ ಹದಿನಾಲ್ಕು ಹದಿನೈದು ಮಂದಿಗೆ ರೋಗ ಬಂತು. ಮಳೆಮಾಪಕ ಈ ವರ್ಷ ಊರಿಗೆ ಮಳೆ ಎಷ್ಟೆಂದು ಕರಾರುವಾಕ್ಕಾಗಿ ಹೇಳುತ್ತದೆ; ಯಾರ ಮನೆಯ ಹೆಂಚು ಸೋರುತ್ತದೆಂದು ಹೇಳುವುದಿಲ್ಲ. ಅಳತೆಯ ತೊಡಕೂ ಇದೆ. ಸಾಮಾನ್ಯ ಲ್ಯಾಬಿನ ಈಸ್ಟ್ರಡಯಾಲ್ ಕಿಟ್ಟುಗಳು ಬಂಜೆತನದ ಚಿಕಿತ್ಸೆಗಾಗಿ, ಅಲ್ಲಿ ಕಾಣುವ ನೂರಾರು ಪಿಕೊಗ್ರಾಂ ಮಟ್ಟಗಳಿಗಾಗಿ ಹೊಂದಿಸಿದವು. ಮುಟ್ಟು ನಿಂತವರಲ್ಲಿ ಅದು ಹತ್ತು ಇಪ್ಪತ್ತರ ಆಸುಪಾಸು. ಅಷ್ಟು ಕೆಳಗೆ ಅವುಗಳ ಮಾತಿಗೆ ಬೆಲೆ ಕಡಿಮೆ. ಸಂಶೋಧಕರು ಬಳಸುವ ಮಾಸ್ ಸ್ಪೆಕ್ಟ್ರೋಮೀಟರ್ ಪೇಟೆಯ ಲ್ಯಾಬಿನಲ್ಲಿ ಇರುವುದಿಲ್ಲ. ಒಂದು ವಿನಾಯಿತಿ ಒಪ್ಪಬೇಕು. ಐಬಿಐಎಸ್-2ರ ರಕ್ತದ ಮಾದರಿಗಳನ್ನು 2024ರಲ್ಲಿ ಮತ್ತೆ ನೋಡಿದಾಗ, ಎಸ್‌ಎಚ್‌ಬಿಜಿಗೆ ಹೋಲಿಸಿದ ಈಸ್ಟ್ರಡಯಾಲ್ ಮಟ್ಟ ತೀರಾ ಕೆಳಗಿದ್ದ ಕಾಲುಭಾಗದವರಿಗೆ ಅನಾಸ್ಟ್ರೋಜೋಲ್‌ನಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಮಾತ್ರೆ ಯಾರಿಗೆ ಬೇಡ ಎಂದು ಹೇಳಲು ಆ ಅಳತೆ ಮುಂದೆ ಕೆಲಸಕ್ಕೆ ಬರಬಹುದು. ಅದು ತಜ್ಞರ ಕೋಣೆಯ ವಿಚಾರ, ಚೆಕಪ್ ಪ್ಯಾಕೇಜಿನದಲ್ಲ.

ಈಗ ನಮ್ಮ ಕಡಲ ತೀರಕ್ಕೆ ಬರೋಣ. ಸ್ತನ ಕ್ಯಾನ್ಸರ್ ಪಟ್ಟಣದ, ಸಿರಿವಂತರ ಕಾಯಿಲೆ, ಗದ್ದೆ ತೋಟದಲ್ಲಿ ಬೆವರು ಸುರಿಸುವ ನಮ್ಮ ಹೆಂಗಸರಿಗೇನು ಎಂಬ ಮಾತಿದೆ. ಅದರಲ್ಲಿ ಅರ್ಧ ನಿಜವಿದೆ. ಭಾರತದಲ್ಲಿ ಈ ರೋಗದ ಪ್ರಮಾಣ ಅಮೆರಿಕದ ಮೂರನೇ ಒಂದಕ್ಕಿಂತ ಕಡಿಮೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ. ಆಗ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲಿತ್ತು. ಈಗ ಸ್ತನ ಕ್ಯಾನ್ಸರ್ ಮೊದಲು, ಅದರ ದರವೂ ಎರಡು ಪಟ್ಟು ದಾಟಿದೆ. ಕುಂದಾಪುರದ ಕಡೆಯಿಂದ ಹೋಟೆಲಿಗೆಂದು ಬೆಂಗಳೂರು, ಮುಂಬಯಿ ಸೇರಿದ ಮನೆತನಗಳಿಗೆ ಲೆಕ್ಕವಿಲ್ಲ. ಇಂಥ ವಲಸೆಯನ್ನು ಜಪಾನಿನಿಂದ ಹವಾಯಿಗೆ, ಅಮೆರಿಕಕ್ಕೆ ಹೋದ ಕುಟುಂಬಗಳಲ್ಲಿ ವಿಜ್ಞಾನಿಗಳು ಹಿಂಬಾಲಿಸಿದ್ದಾರೆ: ಒಂದೆರಡು ತಲೆಮಾರಿನಲ್ಲಿ ಮಗಳು, ಮೊಮ್ಮಗಳ ಅಪಾಯ ಹೊಸ ನಾಡಿನ ಮಟ್ಟಕ್ಕೆ ಏರುತ್ತದೆ. ಜೀನು ಅಷ್ಟು ಬೇಗ ಬದಲಾಗುವುದಿಲ್ಲ, ಬದುಕು ಬದಲಾಗುತ್ತದೆ. ಮತ್ತು ಆ ಬದುಕು ಈಗ ಬೆಂಗಳೂರಿಗೆ ಹೋಗದವರ ಮನೆಗೂ ಬಂದಿದೆ. 47 ಅಧ್ಯಯನಗಳ 2002ರ ವಿಶ್ಲೇಷಣೆಯ ಪ್ರಕಾರ ಪ್ರತಿ ಹೆರಿಗೆ ಅಪಾಯವನ್ನು ಶೇ. 7, ಪ್ರತಿ ಹನ್ನೆರಡು ತಿಂಗಳ ಹಾಲೂಡಿಕೆ ಇನ್ನೂ ಶೇ. 4.3 ತಗ್ಗಿಸುತ್ತದೆ. ಆರೇಳು ಮಕ್ಕಳನ್ನು ಹೆತ್ತು, ಒಂದೊಂದಕ್ಕೂ ಎರಡು ವರ್ಷ ಹಾಲೂಡಿಸಿದ ಅಜ್ಜಿಗಿದ್ದ ರಕ್ಷಣೆ ಒಂದು ಎರಡು ಮಕ್ಕಳ ಮೊಮ್ಮಗಳಿಗಿಲ್ಲ. ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು ಎನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಯಾರೂ ಹಿಂದಿನ ಹೆರಿಗೆಗಳಿಗೆ ಮರಳಲಿ ಎನ್ನಲಾರರು. ಆ ಹೆರಿಗೆಗಳಲ್ಲಿ ಸತ್ತವರ ಲೆಕ್ಕ ಯಾವ ಕ್ಯಾನ್ಸರ್ ನೋಂದಣಿಯಲ್ಲೂ ಇಲ್ಲ.

ದುಡಿಮೆಯ ಮಾತನ್ನೂ ಹತ್ತಿರದಿಂದ ನೋಡಬೇಕು. ದುಡಿಮೆ ಕಡಿಮೆಯಾಗಿಲ್ಲ, ಅದರ ಭಂಗಿ ಬದಲಾಗಿದೆ. ನಟ್ಟಿಗೆ ಯಂತ್ರ ಬಂತು, ಗದ್ದೆಗಳು ಹಡಿಲು ಬಿದ್ದವು. ಕಡೆಯುವ ಕಲ್ಲಿನ ಜಾಗಕ್ಕೆ ಗ್ರೈಂಡರ್, ಬಾವಿಯ ಹಗ್ಗದ ಜಾಗಕ್ಕೆ ಪಂಪು ಬಂತು. ಇವು ಬಂದದ್ದು ಒಳ್ಳೆಯದೇ. ಇತ್ತ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವವರು, ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವವರು ದಿನವಿಡೀ ಕೂತೇ ಇರುತ್ತಾರೆ. ಕೈ ಬಿಡುವಿಲ್ಲದೆ ಓಡುತ್ತದೆ, ಬೆನ್ನು ನೋಯುತ್ತದೆ, ಸಂಜೆಗೆ ಮೈ ಹಣ್ಣಾಗುತ್ತದೆ. ಆದರೆ ಇನ್ಸುಲಿನನ್ನು ಇಳಿಸುವ ದೊಡ್ಡ ಸ್ನಾಯುಗಳು, ಅಂದರೆ ತೊಡೆ ಮತ್ತು ಕಾಲಿನವು, ಸುಮ್ಮನೆ ಬಿದ್ದಿರುತ್ತವೆ. ಆಯಾಸವೇ ವ್ಯಾಯಾಮ ಎಂಬ ನಂಬಿಕೆ ಇಲ್ಲಿ ಮೋಸ ಮಾಡುತ್ತದೆ. ಗಂಗೊಳ್ಳಿಯಲ್ಲಿ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವ ಹೆಂಗಸಿಗೂ, ಬೀಡಿ ಕಟ್ಟುವ ಆಕೆಯ ನೆರೆಯವಳಿಗೂ ಶ್ರಮ ಸಮ ಇರಬಹುದು, ರಕ್ತ ಸಮ ಇರಲಾರದು. ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂಬ ಸಲಹೆ ಬರೆದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ಬಂದವರಲ್ಲ ಎಂದೂ ಅನಿಸುತ್ತದೆ. ಕರಾವಳಿಯ ಮಳೆಯಲ್ಲಿ ನಾಲ್ಕು ತಿಂಗಳು ನಡಿಗೆ ಎಂದರೆ ಅಂಗಳದಿಂದ ಬಚ್ಚಲಿಗೆ. ನಡೆಯಲು ಮಾಡು ಇರುವ ಜಾಗ ಬೇಕು. ಮಳೆಗಾಲದ ಸಂಜೆ ಶಾಲೆಯ ಜಗಲಿಯನ್ನೋ ಸಮುದಾಯ ಭವನವನ್ನೋ ಹೆಂಗಸರಿಗೆ ಬಿಟ್ಟುಕೊಡುವುದು ಪಂಚಾಯತಿಗೆ ಕಷ್ಟದ ಕೆಲಸವಲ್ಲ.

ಇದೆಲ್ಲ ಮುಟ್ಟು ನಿಂತ ಬಿಳಿಯ ಮಹಿಳೆಯರ ಲೆಕ್ಕ, ನಮ್ಮಲ್ಲಿ ರೋಗ ನಲವತ್ತು ಐವತ್ತರಲ್ಲೇ ಬರುತ್ತದಲ್ಲ ಎನ್ನುವವರಿಗೆ ಎರಡು ಮಾತು. ಭಾರತದ ರೋಗಿಗಳ ಸರಾಸರಿ ವಯಸ್ಸು ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಕಡಿಮೆ, ಹೌದು. ಅದರ ಒಂದು ಪಾಲು ನಮ್ಮ ಜನಸಂಖ್ಯೆಯೇ ಎಳೆಯದು ಎಂಬುದರಿಂದ ಬಂದದ್ದು. ಅರವತ್ತು ದಾಟಿದವರು ಕಡಿಮೆ ಇರುವ ದೇಶದಲ್ಲಿ ಯಾವ ಕಾಯಿಲೆಯ ರೋಗಿಗಳೂ ಚಿಕ್ಕವರಾಗಿಯೇ ಕಾಣುತ್ತಾರೆ. ಈಸ್ಟ್ರೊಜನ್‌ಗೆ ಸ್ಪಂದಿಸದ ಗೆಡ್ಡೆಗಳ ಪಾಲು ನಮ್ಮಲ್ಲಿ ಹೆಚ್ಚು ಎಂಬುದೂ ನಿಜ, ಅವುಗಳ ಮಟ್ಟಿಗೆ ಇಲ್ಲಿಯ ವಾದ ಸಡಿಲವಾಗುತ್ತದೆ. ಪಶ್ಚಿಮದ ಅಧ್ಯಯನಗಳಲ್ಲಿ ಮುಟ್ಟು ನಿಲ್ಲುವ ಮೊದಲು ದಪ್ಪಗಿರುವವರಿಗೆ ಅಪಾಯ ತುಸು ಕಡಿಮೆಯೇ. ಆದರೆ ತಿರುವನಂತಪುರ ಮತ್ತು ಚೆನ್ನೈಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ತೂಕವೂ ಸೊಂಟದ ಸುತ್ತಳತೆಯೂ ಮುಟ್ಟು ನಿಲ್ಲುವ ಮೊದಲಿನವರಲ್ಲೂ ಅಪಾಯ ಹೆಚ್ಚಿಸಿದವು. ಮುಂಬಯಿಯ ಟಾಟಾ ಸ್ಮಾರಕ ಸಂಸ್ಥೆಯ 2016ರ ಅಧ್ಯಯನ ಕೂಡ, ತೂಕಕ್ಕಿಂತ ಸೊಂಟ-ನಿತಂಬಗಳ ಅನುಪಾತ ನಮ್ಮವರಲ್ಲಿ ಮುಖ್ಯ ಎಂದಿತು. ಕೈಕಾಲು ತೆಳ್ಳಗಿದ್ದು ಹೊಟ್ಟೆಯಲ್ಲಿ ಮಾತ್ರ ಕೊಬ್ಬು ಸೇರುವ ನಮ್ಮ ಮೈಕಟ್ಟಿಗೆ ಇದು ಹೊಂದುತ್ತದೆ. ದಾರಿ ಬಹುಶಃ ಇನ್ಸುಲಿನಿನದು.

ಜೀವನಶೈಲಿ ಎಂದೊಡನೆ ತಪ್ಪನ್ನು ಹೆಂಗಸಿನ ತಲೆಗೆ ಕಟ್ಟುವ ಚಾಳಿಯೊಂದಿದೆ. ನಾನು ಕುಚ್ಚಲಕ್ಕಿ ಗಂಜಿ ಬಿಟ್ಟು ಪರೋಟ ತಿಂದೆ, ಅದಕ್ಕೇ ಬಂತು ಎಂದು ರೋಗಿಯೊಬ್ಬಳು ಕೊರಗಿದರೆ ಆಕೆಗೆ ವಿಜ್ಞಾನದ ಬೆಂಬಲವಿಲ್ಲ. ಇಂಥದೇ ಆಹಾರ ಈ ರೋಗ ತರುತ್ತದೆ, ಇಂಥದು ತಡೆಯುತ್ತದೆ ಎಂಬುದಕ್ಕೆ ಸಾಕ್ಷ್ಯ ಬಹಳ ದುರ್ಬಲ. ಅಮೆರಿಕದಲ್ಲಿ 48,835 ಮಹಿಳೆಯರ ಪೈಕಿ ಒಂದು ಗುಂಪಿನವರ ಊಟದ ಜಿಡ್ಡನ್ನು ವರ್ಷಗಟ್ಟಲೆ ಕಡಿಮೆ ಮಾಡಿ ನೋಡಿದ ಪ್ರಯೋಗ 2006ರಲ್ಲಿ ಖಚಿತವಾದ ಇಳಿಕೆಯನ್ನೇನೂ ತೋರಿಸಲಿಲ್ಲ. ತೆಂಗಿನಕಾಯಿಯನ್ನು ಬೈಯುವವರು ಸ್ವಲ್ಪ ತಡೆಯಬೇಕು. ಗಟ್ಟಿಯಾಗಿ ನಿಂತದ್ದು ತೂಕ, ಸೊಂಟ, ಚಲನೆ, ಹಾಲೂಡಿಕೆ, ಮದ್ಯ. ಅವುಗಳಲ್ಲೂ ಎಷ್ಟು ಆಯ್ಕೆ ಆಕೆಯದು? ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ನಿಗದಿಯಾದವಳು ಗಂಟೆಗೊಮ್ಮೆ ಎದ್ದು ನಡೆದರೆ ಆ ದಿನದ ಸಂಪಾದನೆ ಕುಗ್ಗುತ್ತದೆ. ಹೆರಿಗೆಯಾದ ಕೆಲವೇ ವಾರಗಳಲ್ಲಿ ಕೆಲಸಕ್ಕೆ ಮರಳುವವಳು ಎಷ್ಟು ತಿಂಗಳು ಹಾಲೂಡಿಸಬಲ್ಲಳು? ರಾಜ್ಯದಲ್ಲಿ 15ರಿಂದ 49 ವಯಸ್ಸಿನ, ತೂಕ ಹೆಚ್ಚಿದ ಮಹಿಳೆಯರು 2015-16ರಲ್ಲಿ ಶೇ. 23.3 ಇದ್ದವರು 2019-21ಕ್ಕೆ ಶೇ. 30.1 ಆದರು. ನಾಲ್ಕೈದು ವರ್ಷದಲ್ಲಿ ಇಷ್ಟು ಮಂದಿಯ ಮನೋಬಲ ಒಟ್ಟಿಗೆ ಕುಸಿಯಿತು ಎನ್ನುವುದು ನಂಬುವ ಮಾತಲ್ಲ.

ಹಾಗಾದರೆ ಮಾಡಬೇಕಾದ್ದೇನು? ರಕ್ತ ಹೇಳಬೇಕಾದ್ದನ್ನು ಹೇಳಿಯಾಗಿದೆ: ಹೊಟ್ಟೆಯ ಬೊಜ್ಜು, ಅದರಿಂದ ಇನ್ಸುಲಿನ್, ಅದರಿಂದ ಬಿಡಿ ಈಸ್ಟ್ರೊಜನ್. ಈ ಸರಪಳಿಯ ಮೊದಲ ಕೊಂಡಿಯನ್ನು ಅಳೆಯಲು ಸೂಜಿ ಬೇಡ, ಟೇಪು ಸಾಕು. ಆ ಟೇಪು ಈಗಾಗಲೇ ಮನೆ ಬಾಗಿಲಿಗೆ ಬರುತ್ತಿದೆ. ಅಸಾಂಕ್ರಾಮಿಕ ರೋಗಗಳ ಸರ್ಕಾರಿ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆ ಮೂವತ್ತು ದಾಟಿದವರ ಬಳಿ ತುಂಬಿಸುವ ಸಿಬ್ಯಾಕ್ ಎಂಬ ನಮೂನೆಯಿದೆ. ಅದರಲ್ಲಿ ಹೆಂಗಸಿನ ಸೊಂಟ 80 ಸೆಂ.ಮೀ. ಒಳಗಿದ್ದರೆ ಸೊನ್ನೆ, 81ರಿಂದ 90ಕ್ಕೆ ಒಂದು, ಅದಕ್ಕೂ ಮೀರಿದರೆ ಎರಡು ಅಂಕ. ವಾರಕ್ಕೆ 150 ನಿಮಿಷವಾದರೂ ಮೈಯಾಡಿಸುತ್ತೀರಾ ಎಂಬ ಪ್ರಶ್ನೆಯೂ ಇದೆ. ಒಟ್ಟು ಅಂಕ ನಾಲ್ಕು ಮೀರಿದರೆ ತಪಾಸಣೆಗೆ ಕರೆ. ಸ್ತನದಲ್ಲಿ ಗಂಟು, ತೊಟ್ಟಿನಿಂದ ರಕ್ತ, ಆಕಾರದಲ್ಲಿ ಬದಲಾವಣೆ ಇದೆಯೇ ಎಂದು ಕೇಳುವುದು ಬೇರೆಯೇ ಭಾಗದಲ್ಲಿ. ಸೊಂಟದ ಅಂಕ ಮಧುಮೇಹ, ರಕ್ತದೊತ್ತಡದ ಲೆಕ್ಕಕ್ಕೆ ಹೋಗುತ್ತದೆ, ಸ್ತನದ ಲೆಕ್ಕಕ್ಕೆ ಬರುವುದಿಲ್ಲ.

ಸೊಂಟ ಇಳಿದರೂ ರೋಗ ಪೂರ್ತಿ ದೂರವಾಗದು. ಗಂಟನ್ನು ಬೇಗ ಹಿಡಿಯುವ ಕೆಲಸ ಉಳಿದೇ ಇರುತ್ತದೆ. ಭಾರತದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು, ಸುಮಾರು 98 ಸಾವಿರ ಸಾವು ಎಂಬುದು ಅಂದಾಜು. ಈ ಅನುಪಾತ ಇಷ್ಟು ಕೆಟ್ಟದಾಗಿರಲು ಮುಖ್ಯ ಕಾರಣ ತಡವಾಗಿ ಬರುವುದು. ನೋವಿಲ್ಲದ ಗಂಟನ್ನು ತೋರಿಸಲು ಕುಂದಾಪುರದಿಂದ ನಲವತ್ತು ಕಿಲೋಮೀಟರ್ ಆಚೆಯ ಮಣಿಪಾಲಕ್ಕೆ ಒಂದು ದಿನದ ಕೂಲಿ ಬಿಟ್ಟು ಯಾರು ಹೋಗುತ್ತಾರೆ? ಮುಂಬಯಿಯಲ್ಲಿ 1998ರಿಂದ 1.5 ಲಕ್ಷ ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ, ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ. 30ರ ಹತ್ತಿರ ಇಳಿದಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ. ಸೊಂಟದ ಅಳತೆ ಹೆಚ್ಚು ತೂಗುವುದೂ ಐವತ್ತು ದಾಟಿದ ವಯಸ್ಸಿನಲ್ಲೇ. ಇಷ್ಟಾಗಿ ನಮ್ಮ ದೇಶದಲ್ಲಿ 30ರಿಂದ 49ರ ಮಹಿಳೆಯರ ಪೈಕಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರಿಗಿಂತ ಕಡಿಮೆ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಎಲ್ಲರನ್ನೂ ಒಮ್ಮೆಲೇ ಮುಟ್ಟಲು ಕೈಗಳು ಸಾಲದು ಎಂದಾದರೆ, ಐವತ್ತು ದಾಟಿ ಸೊಂಟ 90 ಮೀರಿದವರ ಹೆಸರನ್ನು ಉಪಕೇಂದ್ರದ ನರ್ಸಿನ ಪಟ್ಟಿಯಲ್ಲಿ ಮೊದಲಿಗೆ ಬರೆಯಬಹುದು, ಐದು ವರ್ಷಕ್ಕೊಮ್ಮೆ ಎಂಬ ಈಗಿನ ಗಡುವನ್ನು ಅವರ ಮಟ್ಟಿಗಾದರೂ ಎರಡಕ್ಕೆ ಇಳಿಸಬಹುದು. ಅದಕ್ಕೆ ಬೇಕಾದ ವಯಸ್ಸೂ ಸೊಂಟವೂ ಆ ಹಾಳೆಯಲ್ಲಿ ಈಗಲೇ ಬರೆದಿವೆ.